ಸತ್ಯಾಂಶ: ಎದೆಬಡಿತ ತಾಳ ತಪ್ಪುವುದಕ್ಕೆ ಬಿಸಿಲೊಂದೇ ಕಾರಣವೇ?

‘ಬೇಸಿಗೆಯಲ್ಲಿ ಎದೆ ಡವಡವ ಎಂದರೆ ಅದು ಬಿಸಿಲಿನ ತಾಪ, ಉಪ್ಪು ಹಾಕಿದ ಮಜ್ಜಿಗೆ ಸಾಕು, ಇಸಿಜಿ ಬೇಡ’ ಎಂಬ ಸಂದೇಶವೊಂದು ರಾಯಚೂರು ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಮೈಯ ನೀರಿನಂಶ ಇಳಿದು ಎದೆಬಡಿತ ಏರುವುದು ನಿಜ. ಆದರೆ ವೇಗವಾಗಿ ಬಡಿಯುವುದು ಬೇರೆ, ತಾಳ ತಪ್ಪಿ ಬಡಿಯುವುದು ಬೇರೆ.

ಹೀಗೆ ತಾಳ ತಪ್ಪಿಸುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯಲ್ಲಿ ಹೃದಯದ ಮೇಲಿನ ಎರಡು ಕೋಣೆಗಳು ಕ್ರಮವಾಗಿ ಸಂಕುಚಿಸದೆ ಸುಮ್ಮನೆ ಅದುರುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಸಾಗಬಹುದಾದ್ದರಿಂದ ಪಾರ್ಶ್ವವಾಯುವಿನ ಅಪಾಯ ಸುಮಾರು 5 ಪಟ್ಟು ಹೆಚ್ಚುತ್ತದೆ. ವಯಸ್ಸು ಇದರ ಅತಿ ದೊಡ್ಡ ಕಾರಣ. ಅದರ ಬೆನ್ನಿಗೆ ವರ್ಷಗಟ್ಟಲೆ ಹತೋಟಿಗೆ ಬಾರದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಮದ್ಯಪಾನ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು ಮತ್ತು, ಮನೆಯವರು ನಕ್ಕು ಬಿಟ್ಟುಬಿಡುವ, ಉಸಿರು ಕಟ್ಟಿಸುವ ಗೊರಕೆ ಬರುತ್ತವೆ.

ನಮ್ಮ ದೇಶದಲ್ಲಿ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಬಂದ ಗಂಟಲು ನೋವಿಗೆ ಸರಿಯಾದ ಚಿಕಿತ್ಸೆ ಸಿಗದೆ ಸಂಧಿವಾತ ಜ್ವರ ಬಂದರೆ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ನಿಧಾನವಾಗಿ ಕಿರಿದಾಗಿ, ಮೇಲಿನ ಎಡ ಕೋಣೆ ಹಿಗ್ಗುತ್ತದೆ. ಹೀಗಾಗಿ ಮಧ್ಯವಯಸ್ಸಿಗೂ ಮೊದಲೇ ಈ ತೊಂದರೆ ಕಾಣಿಸಿಕೊಳ್ಳಬಹುದು.

ಮಜ್ಜಿಗೆ ಬಾಯಾರಿಕೆಗೆ ಒಳ್ಳೆಯದೇ, ಆದರೆ ರಕ್ತದೊತ್ತಡ ಇರುವವರು ಅದಕ್ಕೆ ಉಪ್ಪು ಸುರಿಯಬಾರದು. ಕೆಲವರಿಗೆ ಯಾವ ಲಕ್ಷಣವೂ ಇರುವುದಿಲ್ಲವಾದ್ದರಿಂದ, ಮಣಿಕಟ್ಟಿನ ನಾಡಿ ಏರುಪೇರಾಗಿ ಸಿಕ್ಕರೆ ಇಸಿಜಿ ಮಾಡಿಸಬೇಕು. ಬಂದುಹೋಗುವ ತೊಂದರೆಯಾದರೆ ಒಂದೇ ಇಸಿಜಿಯಲ್ಲಿ ಸಿಗದೆ, ಮೈಗೆ ಕಟ್ಟಿಕೊಂಡ ಸಣ್ಣ ಯಂತ್ರ 24 ಗಂಟೆ ಎದೆಬಡಿತ ಬರೆದಿಡುವ ಹೋಲ್ಟರ್ ದಾಖಲೆ ಬೇಕಾಗಬಹುದು.