ನಾಳೆ ನಿಫ್ಟಿ ಎಲ್ಲಿಗೆ ಹೋಗುತ್ತೆ ಅಂತ ನನ್ನನ್ನು ಕೇಳಬೇಡಿ

ಹೋದ ಭಾನುವಾರ ಸಾಗರದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವನು ದೊಡ್ಡಮ್ಮನ ಮಗಳ ಮಗ, ಇಂಜಿನಿಯರಿಂಗ್ ಕೊನೆ ವರ್ಷ. ಹೋಳಿಗೆ ಮೇಲೆ ತುಪ್ಪ ಬೀಳುವಷ್ಟರಲ್ಲಿ ಕೇಳಿಯೇ ಬಿಟ್ಟ. "ಮಾವ, ನೀವು ಶೇರ್ ಮಾರ್ಕೆಟ್ ಸಾಫ್ಟ್‌ವೇರ್‌ನಲ್ಲೇ ಇರೋದಲ್ವಾ? ನಾಳೆ ನಿಫ್ಟಿ ಎಲ್ಲಿಗೆ ಹೋಗುತ್ತೆ?"

ನಿಫ್ಟಿ ಅಂದರೆ ದೊಡ್ಡ ಕಂಪನಿಗಳ ಶೇರು ಬೆಲೆಯ ಸೂಚ್ಯಂಕ. 17 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಗೊತ್ತಿಲ್ಲ ಕಣೋ ಅಂದೆ. ಅವನು ನಂಬಲಿಲ್ಲ. ಎದುರು ಸಾಲಿನಲ್ಲಿದ್ದ ಅವನಮ್ಮ, "ಇವನು ಬಾಯಿ ಬಿಡಲ್ಲ, ಎಲ್ಲಾ ಒಳಗೇ ಇಟ್ಕೊಂಡಿದ್ದಾನೆ" ಅಂದಳು.

ಒಳಗೆ ಏನಿದೆ ಅಂತ ಇವತ್ತು ಹೇಳಿಬಿಡುತ್ತೇನೆ.

ಕೆರೆ ಕೆಳಗಿನ ಊರುಗಳಲ್ಲಿ ನೀರುಗಂಟಿ ಇರುತ್ತಾನೆ. ತೂಬು ಎತ್ತಿ ಎಲ್ಲರ ಗದ್ದೆಗೂ ನೀರು ಹೋಗುವ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಈ ಸಲ ಭತ್ತಕ್ಕೆ ಏನು ರೇಟು ಸಿಗುತ್ತೆ ಅಂತ ಅವನನ್ನು ಕೇಳಿ ಏನು ಬಂತು? ನನ್ನದೂ ನೀರುಗಂಟಿ ಕೆಲಸವೇ. ತೂಬಿನಲ್ಲಿ ಬರುವುದು ಬೆಲೆ, ಅಷ್ಟೇ.

ಬೆಳಗ್ಗೆ 9:15ಕ್ಕೆ ಮಾರುಕಟ್ಟೆ ತೆರೆಯುತ್ತದೆ. ಯಾರಾದರೂ ಆರ್ಡರ್ ಹಾಕಿದರೆ ಒಂದು ಸಂದೇಶ, ಬದಲಾಯಿಸಿದರೆ ಒಂದು, ರದ್ದು ಮಾಡಿದರೆ ಒಂದು, ವ್ಯಾಪಾರ ಆದರೆ ಇನ್ನೊಂದು. ಎಲ್ಲಕ್ಕೂ ಕ್ರಮಸಂಖ್ಯೆ ಇರುತ್ತದೆ. ವ್ಯಾಪಾರ ನಡೆಸುವ ಎಕ್ಸ್‌ಚೇಂಜ್ ಇವನ್ನು ಪೇಪರ್ ಹುಡುಗನ ಹಾಗೆ ಎಸೆದು ಮುಂದೆ ಹೋಗುತ್ತದೆ. ಸಿಕ್ಕಿತಾ ಅಂತ ನಿಂತು ಕೇಳುವುದಿಲ್ಲ. ಅದಕ್ಕೇ ಒಂದೇ ಸಂದೇಶ ಎರಡು ಲೈನಿನಲ್ಲಿ ಬರುತ್ತದೆ, ಒಂದರಲ್ಲಿ ತಪ್ಪಿದ್ದನ್ನು ಇನ್ನೊಂದರಿಂದ ಎತ್ತಿಕೊಳ್ಳಬೇಕು. ಎರಡರಲ್ಲೂ ತಪ್ಪಿದರೆ ಅದಕ್ಕೆ ಗ್ಯಾಪ್ ಅನ್ನುತ್ತೇವೆ. ಹೀಗೆ ಬಂದದ್ದನ್ನೆಲ್ಲ ಸಾಲಾಗಿ ಜೋಡಿಸಿ, ಯಾವ ಬೆಲೆಗೆ ಎಷ್ಟು ಜನ ಕೊಳ್ಳಲು ನಿಂತಿದ್ದಾರೆ, ಎಷ್ಟು ಜನ ಮಾರಲು ನಿಂತಿದ್ದಾರೆ ಅನ್ನುವ ಪಟ್ಟಿ ಕಟ್ಟಬೇಕು. ಅದೇ ಆರ್ಡರ್ ಬುಕ್.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಮಧ್ಯಾಹ್ನ ಟ್ರೇಡರ್ ಒಬ್ಬರು ಫೋನ್ ಮಾಡಿದರು. ಒಂದು ಶೇರಿನಲ್ಲಿ ಕೊಳ್ಳುವವನು 412.30 ಕೊಡ್ತೀನಿ ಅಂತಿದ್ದಾನೆ, ಮಾರುವವನು 412.10 ಸಾಕು ಅಂತಿದ್ದಾನೆ, ಆದರೂ ವ್ಯಾಪಾರ ಆಗ್ತಿಲ್ಲ, ಏನಿದು? ಎಂದು ಕೇಳಿದರು. ಹಾಗೆ ಆಗಲು ಸಾಧ್ಯವೇ ಇಲ್ಲ. ಎಕ್ಸ್‌ಚೇಂಜ್ ಆ ಇಬ್ಬರನ್ನೂ ಅದೇ ಕ್ಷಣ ಕೂಡಿಸಿಬಿಡುತ್ತದೆ. ಅಂದರೆ ಆ 412.30ರವನು ನಮ್ಮ ಬುಕ್‌ನಲ್ಲಿ ಮಾತ್ರ ಇದ್ದ. ನಿಜದಲ್ಲಿ ಆರ್ಡರ್ ರದ್ದು ಮಾಡಿ ಎಷ್ಟೋ ಹೊತ್ತಾಗಿತ್ತು, ಆ ರದ್ದಿನ ಸಂದೇಶ ನಮಗೆ ಬಂದಿರಲಿಲ್ಲ. ಆ ಬುಕ್ ನೋಡಿ ತಾನೇ ಕೊಂಡು ಮಾರುವ ನಮ್ಮ ಪ್ರೋಗ್ರಾಂ ಪಾಪ, 412.10ಕ್ಕೆ ಕೊಂಡು ಕೊಂಡು ಆ ದೆವ್ವಕ್ಕೆ 412.30ರಂತೆ ಮಾರಲು ಹೋಗುತ್ತಿತ್ತು. ದೆವ್ವ ದುಡ್ಡು ಕೊಡುತ್ತಾ?

"ಗ್ಯಾಪ್ ಕಂಡರೆ ಲಾಗ್‌ನಲ್ಲಿ, ಅಂದರೆ ದಾಖಲೆಯಲ್ಲಿ, ಬರೆದು ಮುಂದೆ ಹೋಗು" ಅನ್ನುವ ಆ ಎರಡು ಸಾಲು ಕೋಡ್ ನನ್ನದೇ. ಮ್ಯಾನೇಜರ್ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕ ಕೂತು, ಮೂರು ಗಂಟೆ ಲಾಗನ್ನು ಒಂದೊಂದೇ ಸಾಲು ನನ್ನಿಂದಲೇ ಜೋರಾಗಿ ಓದಿಸಿದರು. ಬೈದಿದ್ದರೇ ವಾಸಿ ಇತ್ತು.

ನಮ್ಮದು ಸಣ್ಣ ಕಥೆ. ಅಮೆರಿಕದ ಶೇರು ವ್ಯಾಪಾರದ ಕಂಪನಿ ನೈಟ್ ಕ್ಯಾಪಿಟಲ್‌ನಲ್ಲಿ 2012ರ ಆಗಸ್ಟ್ 1ರಂದು ಹೊಸ ಕೋಡನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು, ಏಳಕ್ಕೆ ಹಾಕಿ ಒಂದನ್ನು ಬಿಟ್ಟರು. ಅದರಲ್ಲಿ ಎಷ್ಟೋ ವರ್ಷದಿಂದ ಮಲಗಿದ್ದ ಹಳೇ ಕೋಡ್ ಎದ್ದು ಕೂತಿತು. ಮುಕ್ಕಾಲು ಗಂಟೆಯಲ್ಲಿ 40 ಕೋಟಿ ಡಾಲರಿಗೂ ಜಾಸ್ತಿ ಹೋಯಿತು, ಆಮೇಲೆ ಕಂಪನಿಯೇ ಬೇರೆಯವರ ಕೈಗೆ ಹೋಯಿತು. ನಮ್ಮ ಟೀಮಿಗೆ ಯಾರೇ ಹೊಸಬರು ಬಂದರೂ ಮೊದಲ ವಾರ ಈ ಕಥೆ ಹೇಳುತ್ತೇನೆ.

ಇನ್ನು ವೇಗದ ವಿಷಯ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಒಂದು ಕಿಲೋಮೀಟರ್ ಹೋಗಲು ಸುಮಾರು 5 ಮೈಕ್ರೋಸೆಕೆಂಡ್ ಬೇಕು. ಬೆಂಗಳೂರಿನಿಂದ ಮುಂಬೈ ನೇರ ಗೆರೆ ಎಳೆದರೂ 800 ಕಿ.ಮೀ. ಮೇಲೆ. ಹೋಗಿ ಬರಲು 8 ಮಿಲಿಸೆಕೆಂಡ್ ಅಂತೂ ಬೇಕೇ ಬೇಕು. ನಮಗೆ ಅದು ಒಂದು ಯುಗ. ಅದಕ್ಕೇ ದೊಡ್ಡವರೆಲ್ಲ ಮುಂಬೈಯಲ್ಲಿ ಎಕ್ಸ್‌ಚೇಂಜಿನ ಕಟ್ಟಡದೊಳಗೇ ಜಾಗ ಬಾಡಿಗೆ ಹಿಡಿದು ತಮ್ಮ ಮಶೀನ್ ಇಡುತ್ತಾರೆ. ಇದೇ ಕೋಲೊಕೇಶನ್. ಮೊದಲ ಕೆಲವು ವರ್ಷ ಎನ್‌ಎಸ್‌ಇ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) ಅಲ್ಲಿ ಪ್ರತಿ ಟಿಕ್ ಅನ್ನು, ಅಂದರೆ ಇಂಥ ಒಂದೊಂದು ಸಂದೇಶವನ್ನು, ಒಬ್ಬರಾದ ಮೇಲೆ ಒಬ್ಬರಿಗೆ ಕಳಿಸುತ್ತಿತ್ತು. ಬೆಳಗ್ಗೆ ಮೊದಲು ಕನೆಕ್ಟ್ ಆದವನಿಗೆ ಮೊದಲು. ಪಂಕ್ತಿಯಲ್ಲಿ ಮುಂದೆ ಕೂತವನ ಎಲೆಗೆ ಪಾಯಸ ಮೊದಲು ಬಿದ್ದ ಹಾಗೆ. ಗಲಾಟೆ ಆಯಿತು. 2019ರಲ್ಲಿ ಮಾರುಕಟ್ಟೆ ನಿಯಂತ್ರಿಸುವ ಸೆಬಿ ಎನ್‌ಎಸ್‌ಇಗೆ ಸುಮಾರು 625 ಕೋಟಿ ಬಡ್ಡಿ ಸಮೇತ ಕಟ್ಟಿ ಅಂದಿತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತೆಗೆದು 100 ಕೋಟಿಗೆ ಇಳಿಸಿತು. ಅಷ್ಟರಲ್ಲಿ ಎಲ್ಲರಿಗೂ ಒಟ್ಟಿಗೇ ಬಡಿಸುವ ಮಲ್ಟಿಕಾಸ್ಟ್ ಬಂದಾಗಿತ್ತು.

ಇದನ್ನೆಲ್ಲ ಆ ಹುಡುಗನಿಗೂ ಹೇಳಿದೆ. ಯಾಕೆ ಅಂದರೆ, ಅವನ ಮೊಬೈಲ್ ಆ್ಯಪ್‌ನಲ್ಲಿ ಕುಣಿಯುವ ಬೆಲೆ ಸೆಕೆಂಡಿಗೆ ಕೆಲವೇ ಸಲ ತೆಗೆದ ಫೋಟೋ. ಅದು ಅವನ ಕಣ್ಣಿಗೆ ಬೀಳುವ ಹೊತ್ತಿಗೆ ಆ ಕಟ್ಟಡದೊಳಗಿನ ಮಶೀನುಗಳು ಹತ್ತಾರು ಸಲ ಮನಸ್ಸು ಬದಲಾಯಿಸಿರುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಲೆಕ್ಕ ಹಾಕಿ ಹೇಳಿತ್ತಲ್ಲ, ಮೂರು ವರ್ಷದಲ್ಲಿ ಮುಂದಿನ ಬೆಲೆ ಮೇಲೆ ಬಾಜಿ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಸಾಮಾನ್ಯರಲ್ಲಿ 93% ಮಂದಿ ಕಳೆದುಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿಗೂ ಜಾಸ್ತಿ. ಬ್ರೋಕರ್ ಕಂಪನಿಗಳ ಸ್ವಂತ ಟ್ರೇಡಿಂಗ್‌ನ ಲಾಭದಲ್ಲಿ 96% ಬಂದದ್ದು ಆಲ್ಗೋಗಳಿಂದ, ಅಂದರೆ ತಾವೇ ಕೊಂಡು ಮಾರುವ ಪ್ರೋಗ್ರಾಂಗಳಿಂದ. ಆ ಆಲ್ಗೋಗಳಿಗೆ ತೂಬು ಎತ್ತುವವರು ನಮ್ಮಂಥವರೇ. ಇದು ನನಗೆ ಚುಚ್ಚುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಕೆಲಸ ಬಿಟ್ಟಿಲ್ಲ. ಕೆಲಸ ಅಷ್ಟು ಚೆನ್ನಾಗಿದೆ, ಸಂಬಳವೂ ಚೆನ್ನಾಗಿದೆ. ಆದರೆ ನಾನು ಆಪ್ಷನ್ಸ್ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ಇಂಟರ್‌ವ್ಯೂಗೆ ಬರುವ ಹುಡುಗರು ಬೆಲೆಯ ಏರಿಳಿತ ತೋರಿಸುವ ಕ್ಯಾಂಡಲ್ ಚಾರ್ಟಿನ ಹೆಸರುಗಳನ್ನು ಮಂತ್ರದ ಹಾಗೆ ಹೇಳುತ್ತಾರೆ. ಸಂದೇಶ ಹೊತ್ತ ಪ್ಯಾಕೆಟ್ ನೆಟ್‌ವರ್ಕ್ ಕಾರ್ಡಿಗೆ ಬಂದ ಮೇಲೆ ಪ್ರೋಗ್ರಾಂ ಕೈಗೆ ಸಿಗುವವರೆಗೆ ಏನೇನಾಗುತ್ತೆ ಅಂತ ಕೇಳಿದರೆ ಸುಮ್ನೆ ನೋಡುತ್ತಾರೆ. ನಮಗೆ ಬೇಕಾದದ್ದು ಎರಡನೆಯದು, ಜೊತೆಗೆ ಸ್ವಲ್ಪ ಅನುಮಾನದ ಬುದ್ಧಿ. ಎನ್‌ಎಸ್‌ಇಯ ಎಷ್ಟೋ ಸಂದೇಶಗಳಲ್ಲಿ ಸಮಯವನ್ನು 1980ರ ಜನವರಿ 1ರಿಂದ ಎಣಿಸುತ್ತಾರೆ, ಉಳಿದ ಕಂಪ್ಯೂಟರ್ ಲೋಕದ ಹಾಗೆ 1970ರಿಂದ ಅಲ್ಲ. ಬೆಲೆ ಬರುವುದು ಪೈಸೆಯಲ್ಲಿ. ಹೊಸಬರ ಮೊದಲ ಪ್ರೋಗ್ರಾಂ ಹತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತದೆ, ಬೆಲೆ ನೂರು ಪಟ್ಟು ಜಾಸ್ತಿ ಇರುತ್ತದೆ. ಅದನ್ನು ನೋಡಿ "ಏನೋ ಸರಿ ಇಲ್ಲ" ಅಂತ ತಾನೇ ಎದ್ದು ಬರುವವನನ್ನು ನಾನು ಬಿಡುವುದಿಲ್ಲ. ರಜೆ ಮಾತ್ರ ಕೇಳಬೇಡಿ. ಎಷ್ಟೋ ಶನಿವಾರ ಮಾಕ್ ಟ್ರೇಡಿಂಗ್ ಅನ್ನುವ ಅಣಕು ವ್ಯಾಪಾರ, ದೀಪಾವಳಿಯಲ್ಲಿ ಶುಭಕ್ಕೆಂದು ನಡೆಸುವ ಮುಹೂರ್ತ ಟ್ರೇಡಿಂಗ್. ಮನೆಯಲ್ಲಿ ಲಕ್ಷ್ಮಿ ಪೂಜೆ, ನಾನು ಆಫೀಸಿನಲ್ಲಿ.

ಹುಡುಗನಿಗೆ ಒಂದು ಕೆಲಸ ಕೊಟ್ಟು ಬಂದಿದ್ದೇನೆ. ಅಮೆರಿಕದ ನಾಸ್ಡಾಕ್ ಎಕ್ಸ್‌ಚೇಂಜ್ ತನ್ನ ಕೆಲವು ಹಳೇ ದಿನಗಳ ಪೂರ್ತಿ ಫೀಡನ್ನು, ಅಂದರೆ ಆ ದಿನದ ಎಲ್ಲ ಸಂದೇಶಗಳನ್ನು, ಪುಕ್ಕಟೆ ಇಟ್ಟಿದೆ. ಒಂದು ದಿನದ್ದನ್ನು ಇಳಿಸಿಕೊಂಡು ಆರ್ಡರ್ ಬುಕ್ ಕಟ್ಟು, ಬೇಕಂತಲೇ ಒಂದು ರದ್ದಿನ ಸಂದೇಶ ಕಿತ್ತುಹಾಕು, ದೆವ್ವ ಎಲ್ಲಿ ಕಾಣುತ್ತೆ ನೋಡಿ ಹೇಳು ಅಂದೆ.

ನಿನ್ನೆ ರಾತ್ರಿ ಮೆಸೇಜ್ ಬಂತು. "ಮಾವ, ಫೈಲ್ ಓಪನ್ ಮಾಡಿದೆ, ಲ್ಯಾಪ್‌ಟಾಪೇ ಹ್ಯಾಂಗ್ ಆಯ್ತು. ಅಮ್ಮ ಕೇಳ್ತಿದ್ದಾಳೆ, ಚಿನ್ನ ಈಗ ತಗೋಬಹುದಾ ಅಂತ."