ರಿಪೇರಿ ಮುಗಿಯದ ಲ್ಯಾಪ್‌ಟಾಪ್

ನಮ್ಮಮ್ಮನ ಲೆಕ್ಕದಲ್ಲಿ ನನ್ನ ಲ್ಯಾಪ್‌ಟಾಪ್ ತಂದ ದಿನದಿಂದಲೂ ಕೆಟ್ಟು ಕೂತಿದೆ. ಅವರ ತಪ್ಪೇನಿಲ್ಲ. ಯಾವಾಗ ನೋಡಿದರೂ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಓಡುತ್ತಿರುತ್ತದೆ, ಪಕ್ಕದಲ್ಲೊಂದು ಪೆನ್‌ಡ್ರೈವ್ ಚುಚ್ಚಿಕೊಂಡಿರುತ್ತದೆ, ಎದುರಿಗೆ ಮಗ ಉಗುರು ಕಚ್ಚುತ್ತಾ ಕೂತಿರುತ್ತಾನೆ. "ಯಾವುದಾದ್ರೂ ಅಂಗಡಿಗೆ ಕೊಡಬಾರದೇನೋ" ಅಂತಾರೆ.

ಕೆಟ್ಟಿಲ್ಲಮ್ಮ, ಡಿಸ್ಟ್ರೋ ಬದಲಾಯಿಸ್ತಿದ್ದೀನಿ ಅಂದರೆ ಯಾರಿಗೆ ಅರ್ಥವಾಗಬೇಕು? ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳುವ ಆಪರೇಟಿಂಗ್ ಸಿಸ್ಟಂ. ಬೇರೆ ಬೇರೆ ಗುಂಪಿನವರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಕಟ್ಟಿ ಹಂಚುವ ಒಂದೊಂದು ರೂಪವೂ ಒಂದೊಂದು ಡಿಸ್ಟ್ರೋ. ಲಿನಕ್ಸ್ ಬಳಸುವವರಿಗೆ ಅದನ್ನು ಬದಲಾಯಿಸುವುದೊಂದು ಚಟ. ಒಳಗೆ ಅದೇ ಕರ್ನಲ್ ಅನ್ನೋ ತಿರುಳು, ಮೇಲೆ ಅದೇ ಫೈರ್‌ಫಾಕ್ಸ್. ಆದರೂ ಪಕ್ಕದ ಮನೆ ಸಾರಿನ ವಾಸನೆಗೆ ಮೂಗು ಅರಳುತ್ತದೆ.

ಶುರುವಾಗಿದ್ದು 2022ರಲ್ಲಿ. ಹೊಸ ಲ್ಯಾಪ್‌ಟಾಪ್‌ಗೆ ಹಳೇ ಅಭ್ಯಾಸದಂತೆ ಡೆಬಿಯನ್ ಅನ್ನೋ ಡಿಸ್ಟ್ರೋ ಹಾಕಲು ಹೋದೆ. ವೈಫೈ ಬರಲಿಲ್ಲ. ವೈಫೈ ಚಿಪ್‌ನಂಥ ಬಿಡಿಭಾಗವನ್ನು ನಡೆಸುವ ಪುಟ್ಟ ಪ್ರೋಗ್ರಾಂಗೆ ಫರ್ಮ್‌ವೇರ್ ಅಂತಾರೆ. ಮುಕ್ತವಲ್ಲದ, ಅಂದರೆ ಒಳಗಿನ ಕೋಡನ್ನು ಬಿಚ್ಚಿ ತೋರಿಸದ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇಡಬಾರದು ಅನ್ನುವುದು ಆಗ ಅವರ ತತ್ವ. ವೈಫೈ ಬರಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಇಳಿಸಿಕೊಳ್ಳಲು ವೈಫೈ ಬೇಕು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ನಿಜ ಹೇಳಬೇಕೆಂದರೆ ಫರ್ಮ್‌ವೇರ್ ಸೇರಿಸಿದ ಅನಧಿಕೃತ ಪ್ರತಿ ಅವರದೇ ಸರ್ವರ್‌ನ ಇನ್ನೊಂದು ಮೂಲೆಯಲ್ಲಿತ್ತು. ಹುಡುಕಿದ್ದರೆ ಅರ್ಧ ಗಂಟೆಯ ಕೆಲಸ. ನಾನು ಮೂರು ವರ್ಷದ ದಾರಿ ಹಿಡಿದೆ.

ಮೊದಲು ಉಬುಂಟು. ಅದು 2004ರಲ್ಲಿ ಡೆಬಿಯನ್‌ನಿಂದಲೇ ಹುಟ್ಟಿದ ಕೂಸು. ಆಮೇಲೆ ಮಿಂಟ್, ಅಂದರೆ ಉಬುಂಟುವಿನ ಮಗ. ಮಿಂಟ್‌ನಲ್ಲೇ ಇನ್ನೊಂದು ಆವೃತ್ತಿಯಿದೆ, ಅದು ಉಬುಂಟುವನ್ನು ಬಿಟ್ಟು ನೇರವಾಗಿ ಡೆಬಿಯನ್ ಮೇಲೆ ನಿಂತಿದೆ. ಅಪ್ಪನ ಜೊತೆ ಮಾತು ಬಿಟ್ಟು ಅಜ್ಜನ ಮನೆ ಸೇರಿದ ಮೊಮ್ಮಗ ಅನ್ನಿ. ಕಂಪ್ಯೂಟರ್ ಆನ್ ಆದಾಗ ಎಲ್ಲರಿಗಿಂತ ಮೊದಲು ಏಳುವ ಪ್ರೋಗ್ರಾಂ ಯಾವುದಿರಬೇಕು ಅನ್ನೋ ಜಗಳಕ್ಕೆ 2014ರಲ್ಲಿ ಇದೇ ಡೆಬಿಯನ್ ಮನೆ ಪಾಲಾಗಿ ಡೆವುವಾನ್ ಅನ್ನೋ ಡಿಸ್ಟ್ರೋ ಹುಟ್ಟಿತು. ನಮ್ಮೂರಲ್ಲಿ ಬಚ್ಚಲ ಒಲೆಗೆ ಮೊದಲು ಯಾರು ಉರಿ ಹಾಕಬೇಕು ಅಂತ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ, ಇದೇನು ಮಹಾ.

ಆಮೇಲೆ ಆರ್ಚ್, ಬಹುಪಾಲು ಕೈಯಾರೆ ಜೋಡಿಸಿಕೊಳ್ಳಬೇಕಾದ ಡಿಸ್ಟ್ರೋ. ಅದನ್ನು ಹಾಕಿಕೊಂಡವನ ಮೊದಲ ಕೆಲಸ, ಹಾಕಿಕೊಂಡಿದ್ದೀನಿ ಅಂತ ಊರಿಗೆಲ್ಲ ಹೇಳುವುದು. ನಾನೂ ಹೇಳಿದೆ, ಕೇಳದವರಿಗೂ ಹೇಳಿದೆ. ಎರಡನೇ ಕೆಲಸ, ಕಂಪ್ಯೂಟರಿನ ವಿವರ ತೋರಿಸುವ ನಿಯೋಫೆಚ್ ಅನ್ನೋ ಪ್ರೋಗ್ರಾಂ ಓಡಿಸಿ ಡಿಸ್ಟ್ರೋ ಲಾಂಛನ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯುವುದು. ಆ ಪ್ರೋಗ್ರಾಂ ಬರೆದ ಪುಣ್ಯಾತ್ಮ 2024ರಲ್ಲಿ ಅದಕ್ಕೆ ಬೀಗ ಹಾಕಿ, ಬೇಸಾಯ ಮಾಡ್ತಿದ್ದೀನಿ ಅಂತ ಒಂದು ಸಾಲು ಬರೆದಿಟ್ಟು ಹೋದ. ನಮ್ಮ ಐಟಿ ಹುಡುಗರು ತೋಟ ಮಾಡ್ತೀನಿ ಅಂತ ಇನ್ನೂ ಹೇಳುತ್ತಲೇ ಇದ್ದಾರೆ, ಇವನು ಮಾಡೇಬಿಟ್ಟ!

ಹೋದ ಕಡೆಯಲ್ಲೆಲ್ಲ ಹೊಸ ವಾಲ್‌ಪೇಪರ್ ಸಿಕ್ಕಿತು. ಹೋದ ಕಡೆಯಲ್ಲೆಲ್ಲ ಕನ್ನಡ ಕೀಬೋರ್ಡನ್ನು ಮೊದಲಿಂದ ಕೂರಿಸಬೇಕಾಯಿತು. ಆಜ್ಞೆ ಟೈಪ್ ಮಾಡುವ ಆ ಕಪ್ಪು ಪರದೆ, ಅಂದರೆ ಟರ್ಮಿನಲ್‌ನಲ್ಲಿ 'ಅಮ್ಮ' ಅಂತ ಒತ್ತಿದರೆ ಒತ್ತಕ್ಷರ ಪಕ್ಕಕ್ಕೆ ಜಾರಿ ಬೀಳುವುದು ಮಾತ್ರ ನಾನು ಹೊಕ್ಕ ಯಾವ ಮನೆಯಲ್ಲೂ ತಪ್ಪಲಿಲ್ಲ.

ಇನ್ನು ನಗೋ ವಿಷಯ ಕೇಳಿ. ನಾನು ಮುನಿಸಿಕೊಂಡು ಹೊರಟ 2022ರಲ್ಲೇ ಡೆಬಿಯನ್‌ನವರು ಫರ್ಮ್‌ವೇರ್ ಬಗ್ಗೆ ವೋಟು ಹಾಕಿ ನಿಯಮ ಬದಲಾಯಿಸಿದ್ದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯ ಇನ್‌ಸ್ಟಾಲರ್‌ನಲ್ಲಿ ಫರ್ಮ್‌ವೇರ್ ಇತ್ತು. ಮನೆಯವರು ಬಾಗಿಲು ತೆಗೆದಿಟ್ಟುಕೊಂಡು ಕಾಯುತ್ತಿದ್ದಾರೆ, ನಾನು ಇನ್ನೂ ಎರಡು ವರ್ಷ ಬಸ್‌ಸ್ಟ್ಯಾಂಡಲ್ಲೇ ಮಲಗಿದ್ದೆ.

2025ರ ಆಗಸ್ಟ್‌ನಲ್ಲಿ 13ನೇ ಆವೃತ್ತಿ ಬಂದಾಗ ಸುಮ್ನೆ ಪೆನ್‌ಡ್ರೈವ್ ಹಾಕಿದೆ. ವೈಫೈ ತಾನಾಗೇ ಬಂತು. ಒಂದು ಸಾಲು ಟೈಪ್ ಮಾಡಿದರೆ ಗುಬ್ಬಿ, ನವಿಲು ಅನ್ನೋ ಕನ್ನಡ ಫಾಂಟುಗಳೂ ಬಂದು ಕೂತವು. ಪರದೆ ಮೇಲೆ ಏನೂ ಓಡುತ್ತಿರಲಿಲ್ಲ. ಅಮ್ಮ ಕಾಫಿ ತಂದಿಟ್ಟು ಬಗ್ಗಿ ನೋಡಿದರು.

"ಸರಿ ಹೋಯ್ತೇನೋ?"

"ಹ್ಞೂಂ ಅಮ್ಮ."

"ಎಷ್ಟು ತಗೊಂಡ?"