ತವರಿಲ್ಲದವಳ ಬಾಣಂತನ

ಮಗಳು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದ ಮಾರನೇ ಬೆಳಿಗ್ಗೆ ಒಬ್ಬ ಡಚ್ ಮಹಿಳೆ ಬಾಗಿಲು ತಟ್ಟಿದರು. ಕೈ ತೊಳೆದು ಬಂದು ನನ್ನ ಹೆಂಡತಿಯ ಜ್ವರ, ನಾಡಿ ನೋಡಿದರು, ಗರ್ಭಕೋಶ ಎಷ್ಟು ಇಳಿದಿದೆಯೆಂದು ಹೊಟ್ಟೆ ಮುಟ್ಟಿ ನೋಡಿದರು, ಮಗುವನ್ನು ತೂಗಿದರು. ಅದೆಲ್ಲ ಮುಗಿದ ಮೇಲೆ ಟಾಯ್ಲೆಟ್ ತೊಳೆಯುವ ಬ್ರಷ್ ಎಲ್ಲಿದೆ ಎಂದು ಕೇಳಿದರು. ಸೋಮವಾರಪೇಟೆಯಿಂದ ಬಾಣಂತಿ ಖಾರದ ಡಬ್ಬಿ ಹೊತ್ತು ಬಂದಿದ್ದ ನಮ್ಮತ್ತೆಯ ಮುಖ ಗಂಟಿಕ್ಕಿತು. "ನಾನಿನ್ನೂ ಗಟ್ಟಿಯಾಗೇ ಇದ್ದೀನಲ್ಲ, ಇವಳ್ಯಾಕೆ ಬೇಕಿತ್ತು?" ಕಿಟಕಿ ತೆರೆದದ್ದಕ್ಕೆ ಬೇರೆ ಜಗಳ.

ಅತ್ತೆಯ ಸಿಟ್ಟು ನ್ಯಾಯವೇ. ಆದರೆ ನನಗೆ ಬೆರಗು. ನಾವಿರುವ ನೆದರ್ಲೆಂಡ್ಸ್‌ನಲ್ಲಿ ಇದಕ್ಕೆ ಕ್ರಾಮ್‌ಜೋರ್ಗ್, ಅಂದರೆ ಬಾಣಂತಿ ಆರೈಕೆ, ಅನ್ನುತ್ತಾರೆ. ಹೆರಿಗೆಯಾದ ಮೇಲೆ ಸುಮಾರು ಎಂಟು ದಿನ, ಅಗತ್ಯ ನೋಡಿ ಒಟ್ಟು 24ರಿಂದ 80 ಗಂಟೆ, ತರಬೇತಾದ ಒಬ್ಬರು ಮನೆಗೇ ಬರುತ್ತಾರೆ. ಎಲ್ಲರಿಗೂ ಕಡ್ಡಾಯವಾದ ಮೂಲ ವಿಮೆಯೇ ಬಹುಪಾಲು ಖರ್ಚು ಕೊಡುತ್ತದೆ. ನಾವು ಗಂಟೆಗೆ ಕೆಲವು ಯೂರೋ ಸೇರಿಸಿದರೆ ಸಾಕು. ಹಾಲೂಡಿಸಲು ಕಲಿಸುವುದು, ಹೊಲಿಗೆ ನೋಡುವುದು, ಮಗುವಿನ ಮೈ ಹಳದಿಯಾಗಿದೆಯೇ ಎಂದು ಗಮನಿಸುವುದು, ಬಟ್ಟೆ ಒಗೆಯುವುದು, ನೋಡಲು ಬಂದವರಿಗೆ ಕಾಫಿ ಕೊಡುವುದು, ಎಲ್ಲವೂ ಅವರ ಕೆಲಸ. ಬಾಣಂತಿಗೆ ತಾಯಿ ಇದ್ದಾಳೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಕೇಳುವುದೇ ಅದನ್ನು. ತವರಿದ್ದರೆ ಹಂಡೆ ನೀರು, ಸಾಂಬ್ರಾಣಿ, ಮೂರು ತಿಂಗಳು ಬೆಚ್ಚಗಿನ ಕೋಣೆ. ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಹೆತ್ತ ಅಸ್ಸಾಮಿನ ಹುಡುಗಿಗೆ? ಅವಳ ತಾಯಿ ಎರಡು ಸಾವಿರ ಕಿಲೋಮೀಟರಿಗೂ ಆಚೆ ಇದ್ದಾಳೆ. ಪಕ್ಕದ ಮನೆಯವಳು ಬೆಳಿಗ್ಗೆಯೇ ಕೊಯ್ಲಿಗೆ ಹೋಗಿರುತ್ತಾಳೆ. 2019-20ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ ಎಂದು ಬೆನ್ನು ತಟ್ಟಿಕೊಳ್ಳುತ್ತೇವೆ. ಸರಿ, ಎರಡು ದಿನಕ್ಕೆ ಡಿಸ್ಚಾರ್ಜ್. ನಂಜು, ಜ್ವರ, ಮಗು ತಣ್ಣಗಾಗುವುದು, ಹಾಲು ಕುಡಿಯದೆ ಸೊರಗುವುದು, ಇವೆಲ್ಲ ಡಿಸ್ಚಾರ್ಜ್ ಚೀಟಿ ನೋಡಿಕೊಂಡು ಬರುತ್ತವೆಯೇ?

ಹೊಟ್ಟೆ ಉರಿಯುವುದು ಇಲ್ಲಿ: ಮನೆಗೇ ಹೋಗಿ ನೋಡುವ ಈ ವಿದ್ಯೆ ನಮಗೆ ಗೊತ್ತಿಲ್ಲದ್ದೇನಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು 39 ಹಳ್ಳಿಗಳಲ್ಲಿ ಮನೆಮನೆಗೆ ಕಳಿಸಿದರು. ಉಸಿರು ಎಣಿಸುವುದು, ತೂಕ ನೋಡುವುದು, ನಂಜಾದರೆ ಇಂಜೆಕ್ಷನ್ ಕೊಡುವುದನ್ನೂ ಆ ಹೆಂಗಸರು ಕಲಿತರು. ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿಯಿತು. 1999ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಅದನ್ನು ಪ್ರಕಟಿಸಿತು. ಆ ಜಾಡಿನಲ್ಲೇ 2011ರಲ್ಲಿ ದೇಶಕ್ಕೆಲ್ಲ ಯೋಜನೆ ಬಂತು: ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಆರೂ ಭೇಟಿ ಸೇರಿ ಪ್ರೋತ್ಸಾಹಧನ 250 ರೂಪಾಯಿ.

ಭೇಟಿಗೆ ನಲವತ್ತೆರಡು ರೂಪಾಯಿಯೂ ಬೀಳಲಿಲ್ಲ. ಜುಲೈ ಮಳೆಯಲ್ಲಿ, ಆನೆ ಓಡಾಡುವ ದಾರಿಯಲ್ಲಿ, ತೋಟದ ಗೇಟಿನಲ್ಲಿ ಆಳುಗಳ ಲೆಕ್ಕ ನೋಡುವ ರೈಟರಿಗೆ ವಿವರ ಹೇಳಿ ಒಳಗೆ ಹೋಗಬೇಕು. ಹೋದರೆ ಬಾಣಂತಿಗೆ ಕನ್ನಡ ಬಾರದು. ಅಥವಾ ಆ ಕುಟುಂಬವೇ ಹಿಂದಿನ ವಾರ ಬೇರೆ ತೋಟಕ್ಕೆ ಹೋಗಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಇಲ್ಲಿ ಕ್ರಾಮ್‌ಜೋರ್ಗ್‌ಗೆ ಜನ ಸಾಲುತ್ತಿಲ್ಲ, ಗಂಟೆಗಳನ್ನು ಕತ್ತರಿಸುತ್ತಿದ್ದಾರೆ. ಆ ದಿನಗಳು ಮುಗಿದ ಮೇಲೆ ಮನೆ ಭಣಭಣ. ರಾತ್ರಿ ಅಳುವ ಮಗುವನ್ನು ಎತ್ತಿಕೊಂಡು ಹಜಾರದಲ್ಲಿ ಓಡಾಡಲು ಅತ್ತೆಯಂಥವರೇ ಬೇಕು. ಊರಿನಲ್ಲಿ ನನ್ನ ತಂಗಿಯ ಬಾಣಂತನಕ್ಕೆ ಆಶಾ ಕಾರ್ಯಕರ್ತೆ ತಪ್ಪದೆ ಬಂದಿದ್ದರಂತೆ, ತಕ್ಕಡಿ ಸಮೇತ. ನಮ್ಮದು ಊರೊಳಗಿನ ಮನೆ, ಬಸ್ಸು ಬರುವ ರಸ್ತೆ, ಅದು ಬೇರೆ ಮಾತು.

ರೋಬಸ್ಟಾ ಕಾಫಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಾಗಲೂ ಕೊಡಗಿನ ಮಾಲೀಕರು ಆಳು ಸಿಗಲ್ಲ ಎಂದೇ ಗೊಣಗುತ್ತಿದ್ದರು. ಲೈನಿನ ಭಾಷೆ ಬಲ್ಲ ಒಬ್ಬ ಹೆಂಗಸಿಗೆ ತರಬೇತಿ ಕೊಡಿಸಿ, ನಾಲ್ಕಾರು ತೋಟದವರು ಸೇರಿ ತಿಂಗಳ ಸಂಬಳ ಹಾಕಲಿ. ಗೇಟಿನಲ್ಲಿ ಅವಳನ್ನು ತಡೆಯಬಾರದೆಂದು ರೈಟರಿಗೂ ಒಂದು ಮಾತು ಹೇಳಲಿ.